ಕಬೂರೆಯ ಚಿಲಕ

ಕಬೂರೆ ಆ ಭಾನುವಾರ ಸುಮ್ಮನೆ ಅನ್ನ ಮೀನು ತಿಂದು, ಕೈ ತೊಳೆದುಕೊಂಡು, ಬಂದ ದಾರಿಯಲ್ಲೇ ವಾಪಸು ಹೋಗಿದ್ದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವ ಯೋಗ ಅವನ ಹಣೆಯಲ್ಲಿ ಬರೆದಿರಲಿಲ್ಲ.

ಇಗರ್ಜಿಯ ಪೂಜೆ ಮುಗಿಸಿ ಬಂಧುಬಳಗವೆಲ್ಲ ಬೆಸಿಯೊ ದ್ವೀಪದ ಚಾವಡಿಯಲ್ಲಿ ಚಾಪೆ ಹಾಸಿ ಊಟಕ್ಕೆ ಕೂತಿತ್ತು. ಕಬೂರೆ ಒಂದು ಕಂಬದ ಮರೆಯಲ್ಲಿ ಕೂತಿದ್ದ. ಏಳು ತಿಂಗಳಿಂದ ಅವನು ಎಲ್ಲಿ ಹೋದರೂ ಕಂಬವನ್ನೇ ಹುಡುಕುತ್ತಿದ್ದ. ಕಂಬ ಎಷ್ಟು ದಪ್ಪಗಿದ್ದರೂ ಅವನ ಅಕ್ಕನ ಗಂಡ ಮೊಆನಿಬಾನ ಕಣ್ಣು ತಪ್ಪಿಸುವುದು ಆಗುತ್ತಿರಲಿಲ್ಲ.

"ಏನಪ್ಪಾ ಕಬೂರೆ, ಹೆಂಡ್ತಿ ಇನ್ನೂ ಅವರಪ್ಪನ ಮನೇಲೇ ಬೇರು ಬಿಟ್ಟಿದ್ದಾಳಾ?"

"ಅವಳಾದ್ರೂ ಏನು ಮಾಡ್ತಾಳೆ ಪಾಪ," ಅಂದಳು ಸೋದರತ್ತೆ ಅಕೆನೇಟಾ, ಮೀನಿನ ಮುಳ್ಳು ತೆಗೆಯುತ್ತ. "ಒಂದು ಅಟ್ಟಣೆ ಮೇಲೆ ಹನ್ನೊಂದು ಜನ. ಮಗ್ಗುಲು ಬದಲಾಯಿಸಬೇಕಾದ್ರೆ ಹತ್ತು ಜನದ ಒಪ್ಪಿಗೆ ತಗೋಬೇಕು."

ಚಾವಡಿ ನಕ್ಕಿತು. ಕಬೂರೆಯೂ ನಕ್ಕ. ಬೇರೇನು ಮಾಡುವುದು? ಅಟ್ಟಣೆ ಅವನ ಅಣ್ಣನದು. ನಾಲ್ಕು ಗೂಟ, ಮೇಲೊಂದಿಷ್ಟು ತೆಂಗಿನಗರಿ. ಹೆಂಡತಿ ರೊರೇಸಿ ಅದರ ಮೂಲೆಯಲ್ಲಿ ಒಂದು ಹೂಹೂವಿನ ಬಟ್ಟೆ ಇಳಿಬಿಟ್ಟು, ಇದರಾಚೆ ನಮ್ಮ ಮನೆ ಅಂದುಕೊಂಡು ಏಳು ವರ್ಷ ಸಂಸಾರ ಮಾಡಿದ್ದಳು. ಒಂದು ದಿನ ಚಿಕ್ಕಮ್ಮನ ಮಗಳೊಬ್ಬಳು ಬಂದು ಆ ಬಟ್ಟೆ ಕೇಳಿದಳು. ಕಬೂರೆ ಬಿಚ್ಚಿ ಕೊಟ್ಟ. ರೊರೇಸಿ ಒಂದು ಮಾತೂ ಆಡದೆ ಆರು ವರ್ಷದ ಬಿಬಿಯಾನಳ ಕೈ ಹಿಡಿದುಕೊಂಡು ಅಬೆಮಾಮ ದ್ವೀಪದ ಹಡಗು ಹತ್ತಿದಳು. ಹತ್ತುವಾಗ ಹೇಳಿದ್ದು ಇಷ್ಟೇ: "ಒಳಗಿಂದ ಚಿಲಕ ಹಾಕ್ಕೊಳ್ಳೋ ಬಾಗಿಲು ಒಂದು ಸಿಕ್ಕಿದ ದಿನ ಹೇಳಿ ಕಳಿಸು, ಬರ್ತೀನಿ. ಅಲ್ಲೀವರೆಗೂ ಬಾ ಅನ್ಬೇಡ."

ಬಾಗಿಲಿರುವ ಮನೆ ಅಂದರೆ ಹುಡುಗಾಟವೇ? ಬೆಸಿಯೊದಲ್ಲಿ ಉಗುಳಿದರೆ ಪಕ್ಕದವರ ತಟ್ಟೆಗೆ ಬೀಳುತ್ತದೆ. ಕಬೂರೆ ಬಂದರಿನ ಸರ್ಕಾರಿ ಕೊಬ್ಬರಿ ಗೋದಾಮಿನಲ್ಲಿ ತೂಕದ ಗುಮಾಸ್ತ. ಸಂಬಳದ ದಿನ ಒಂದೊಳ್ಳೆ ಟಿನ್ ಮಾಂಸ ತಂದರೆ ಮರುದಿನದಿಂದ ಬರೀ ಅನ್ನ. ಬಾಡಿಗೆ ಕೋಣೆ ಕೇಳಿದರೆ ಮಾಲೀಕರು ಅವನ ಚಪ್ಪಲಿ ನೋಡಿಯೇ "ಕೊಟ್ಟಾಯ್ತು" ಅನ್ನುತ್ತಿದ್ದರು. ಉಳಿದದ್ದು ನೌಕರರಿಗೆ ಕೊಡುವ ಸರ್ಕಾರಿ ಮನೆ. ಅದರ ಪಟ್ಟಿಯಲ್ಲಿ ಅವನು ನೂರ ನಲವತ್ತಮೂರನೆಯವನು. ಹೋದ ವರ್ಷ ನೂರ ಮೂವತ್ತೆಂಟನೆಯವನಾಗಿದ್ದ. ಕಾದಷ್ಟೂ ಹಿಂದಕ್ಕೆ ಸರಿಯುವ ಪಟ್ಟಿ ಅದು.

ಇಷ್ಟೆಲ್ಲ ಗೊತ್ತಿದ್ದೂ ಕಬೂರೆ ಆ ದಿನ, ಎಲ್ಲರೂ ನಗುತ್ತಿರುವಾಗ, ಕಂಬದ ಮರೆಯಿಂದ ಈಚೆ ಬಂದು ಗಂಟಲು ಸರಿಮಾಡಿಕೊಂಡು ಹೇಳಿಬಿಟ್ಟ:

"ನಗಿ, ನಗಿ. ನನ್ನ ಹೆಸರಿಗೆ ಸರ್ಕಾರಿ ಮನೆ ಬಂದಾಯ್ತು."

ನಗು ಗಕ್ಕನೆ ನಿಂತಿತು. ಆಹಾ, ಎಂಥ ನಿಶ್ಶಬ್ದ! ಕಬೂರೆಯ ಜೀವಮಾನದಲ್ಲಿ ಅವನ ಮಾತಿಗೆ ಜನ ಬಾಯಿ ಮುಚ್ಚಿದ್ದು ಅದೇ ಮೊದಲು. ಹೊಟ್ಟೆ ತಣ್ಣಗಾಯಿತು. ಎರಡು ಕೋಣೆ, ತಗಡಿನ ಸೂರು, ಸಿಮೆಂಟಿನ ನೆಲ, ಮುಂದೆ ಒಂದು ದೊಡ್ಡ ದೀವಿಹಲಸಿನ ಮರ, ಎಲ್ಲವನ್ನೂ ಅಲ್ಲೇ ಕೂತು ಕಟ್ಟಿದ. ಬಾಗಿಲನ್ನಂತೂ ಎರಡು ಸಲ ಹೇಳಿದ.

ಅಕೆನೇಟಾ ಅತ್ತೆ ಕೈ ಒರೆಸಿಕೊಂಡಳು.

"ಕಬೂರೆ, ನಾನೊಂದು ಕೇಳ್ತೀನಿ ಕಣಪ್ಪ. ಬುಬುಸಿ."

ಬುಬುಸಿ ಅಂದಮೇಲೆ ಮುಗಿಯಿತು. ನೆಂಟರಲ್ಲಿ ಒಬ್ಬ ಆ ಮಾತು ಬಾಯಲ್ಲಿಟ್ಟು ಏನಾದರೂ ಕೇಳಿದರೆ ಕೊಡಬೇಕು. ಸೈಕಲ್ ಆಗಲಿ, ರೇಡಿಯೊ ಆಗಲಿ, ಮೈಮೇಲಿನ ಅಂಗಿಯಾಗಲಿ. ಇಲ್ಲ ಅಂದವನ ಮುಖವನ್ನು ಆಮೇಲೆ ನಾಯಿಯೂ ನೋಡುವುದಿಲ್ಲ. ಹಾಗಂತ ಕೊಟ್ಟವನು ಸುಮ್ಮನೆ ಕೂರಬೇಕಾಗಿಲ್ಲ, ನಾಳೆ ಅವನೂ ಹೋಗಿ ಕೇಳಬಹುದು. ಹೀಗೇ ಊರು ನಡೆಯುತ್ತದೆ. ಕಬೂರೆಯದೊಂದೇ ತೊಂದರೆ. ಅವನಿಗೆ ಕೇಳುವುದಕ್ಕೆ ಬರುತ್ತಿರಲಿಲ್ಲ. ಬಾಯಿ ತೆರೆದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಅವನ ಸೈಕಲ್ ಒಬ್ಬರ ಮನೆಯಲ್ಲಿ, ರೇಡಿಯೊ ಇನ್ನೊಬ್ಬರ ಮನೆಯಲ್ಲಿ, ಅವನು ಅಣ್ಣನ ಅಟ್ಟಣೆಯ ಮೇಲೆ.

"ಮುಂದಿನ ಕೋಣೇಲಿ ನನಗೊಂದು ಮೂಲೆ ಕೊಡು," ಅಂದಳು ಅತ್ತೆ. "ನನ್ನ ಮೊಮ್ಮಕ್ಕಳಿಗೂ."

ಕಬೂರೆ ಒಂದು ಕ್ಷಣ ಯೋಚಿಸಿದ. ಇಲ್ಲದ ಮನೆಯ ಮೂಲೆ ತಾನೆ? ಕೊಟ್ಟರೆ ಕಳೆದುಕೊಳ್ಳುವುದೇನು? ಜೀವಮಾನದಲ್ಲಿ ಮೊದಲ ಸಲ, ಹೊಟ್ಟೆ ಉರಿಯದೆ ಕೊಡುವ ಅವಕಾಶ ಸಿಕ್ಕಿತ್ತು.

"ಒಂದು ಮೂಲೆ ಯಾಕತ್ತೆ? ಎರಡು ತಗೊಳ್ಳಿ!"

ತಗೋ, ಶುರುವಾಯಿತು. ಒಬ್ಬರು ಅಡುಗೆ ಒಲೆಯ ಪಕ್ಕ ಕೇಳಿದರು, ಇನ್ನೊಬ್ಬರು ಕಿಟಕಿಯ ಕೆಳಗೆ, ಮತ್ತೊಬ್ಬರು ಮಳೆನೀರಿನ ತೊಟ್ಟಿಯ ಬಳಿ. ಕಬೂರೆ ದಾನಶೂರನ ಹಾಗೆ ಎರಡೂ ಕೈಯಿಂದ ಹಂಚಿದ. ಯಾರಿಗೆ ಯಾವುದು ಕೊಟ್ಟೆ ಅನ್ನುವುದು ಮರೆಯಬಾರದು ಅಂತ ಗೋದಾಮಿನ ತೂಕದ ಚೀಟಿಯ ಹಿಂದೆ ನಕ್ಷೆಯನ್ನೂ ಬರೆದು, ಒಂದೊಂದು ಚೌಕದಲ್ಲಿ ಒಂದೊಂದು ಹೆಸರು ತುಂಬಿದ. ಸುಳ್ಳು ಹೇಳುವವರು ಸಾಮಾನ್ಯವಾಗಿ ಇಷ್ಟು ಶಿಸ್ತು ಇಟ್ಟುಕೊಳ್ಳುವುದಿಲ್ಲ.

ಮೊಆನಿಬಾನ ಸರದಿ ಬರುವ ಹೊತ್ತಿಗೆ ನಕ್ಷೆಯಲ್ಲಿ ಜಾಗವಿರಲಿಲ್ಲ. "ಜಾಗ ಮುಗೀತಾ? ಹೋಗ್ಲಿ ಬಿಡು. ಆ ಬಾಗಿಲು ಅಂತ ಎರಡೆರಡು ಸಲ ಹೇಳಿದ್ಯಲ್ಲ, ಅದನ್ನೇ ಕೊಡು. ಬುಬುಸಿ."

"ತಗೋ ಭಾವ, ಕೀಲಿನ ಸಮೇತ ತಗೋ!"

ಕೊನೆಗೆ ಉಳಿದವನು ತಾಬೊಕಾಯ್ ದೊಡ್ಡಪ್ಪ. ಚಾವಡಿಯ ಹಿರಿಯ, ಎಂಬತ್ತು ದಾಟಿದ ಮುದುಕ. ಅವನು ಏನು ಕೇಳುತ್ತಾನೋ ಅಂತ ಎಲ್ಲರೂ ಕಾದರು.

"ನನಗೇನೂ ಬೇಡಪ್ಪ," ಅಂದ ಮುದುಕ. "ನೀನು ನಿನ್ನ ಸರ್ಕಾರಿ ಕೆಲಸ ಬಿಡಬೇಡ, ಬೆಸಿಯೊ ಬಿಟ್ಟು ಹೋಗಬೇಡ. ಅಷ್ಟೇ ನನ್ನ ಬುಬುಸಿ."

ಕಬೂರೆಗೆ ಕಣ್ಣು ತುಂಬಿ ಬಂತು. ಇಷ್ಟೊಂದು ಜನರಲ್ಲಿ ತನಗೋಸ್ಕರ ಯೋಚಿಸಿದವನು ಇವನೊಬ್ಬನೇ ಅನ್ನಿಸಿತು. "ಕೊಟ್ಟೆ ದೊಡ್ಡಪ್ಪ," ಅಂದು ಅವನ ಕಾಲು ಮುಟ್ಟಿದ.

ಒಂದು ವಾರ ಆಯಿತು. ಬೀಗದ ಕೈ ಎಲ್ಲಿ ಅಂತ ಅತ್ತೆ ಕೇಳಿದಳು. "ಬಣ್ಣ ಬಳೀತಿದ್ದಾರೆ," ಅಂದ ಕಬೂರೆ. ಎರಡನೇ ವಾರವೂ ಬಣ್ಣವೇ ಬಳಿಯುತ್ತಿದ್ದರು. ಮೂರನೇ ವಾರ ಅತ್ತೆ, "ಮನೆಗೆ ಬಳೀತಿದ್ದಾರೋ ದ್ವೀಪಕ್ಕೆ ಬಳೀತಿದ್ದಾರೋ?" ಅಂತ ಕೇಳಿ ಹೋದಳು. ಮಾರನೆಯ ಬೆಳಿಗ್ಗೆ ಕಬೂರೆ ಕೊಬ್ಬರಿ ಮೂಟೆ ತೂಗುತ್ತಿರುವಾಗ ಒಬ್ಬ ಹಮಾಲಿ ಬಂದು, "ನಿಮ್ಮ ಕಡೆಯವರೆಲ್ಲ ಲಾರಿ ಮಾಡ್ಕೊಂಡು ವಸತಿ ಕಚೇರಿಗೆ ಹೋದ್ರು, ಹಾಡು ಹೇಳ್ಕೊಂಡು," ಅಂದ.

ಕಬೂರೆ ತಕ್ಕಡಿ ಬಿಟ್ಟು ಓಡಿದ.

ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧಿಕಾರಿ ಇತಾಯ ಮೇಜಿನ ಹಿಂದೆ ಗೋಡೆಗೆ ಅಂಟಿಕೊಂಡು ಕೂತಿದ್ದ. ಮೇಜಿನ ಮೇಲೆ ಅತ್ತೆಯ ಬುಟ್ಟಿ, ಅದರಲ್ಲಿ ಬೇಯಿಸಿದ ಮೀನು.

"ಅಮ್ಮಾ, ಎಷ್ಟು ಸಲ ಹೇಳ್ಲಿ? ಮಂಜೂರೇ ಆಗಿಲ್ಲ! ನಿಮ್ಮ ಕಬೂರೆ ನೂರ ನಲವತ್ತ..." ಇತಾಯ ಕನ್ನಡಕ ಸರಿಮಾಡಿಕೊಂಡು ಪಟ್ಟಿ ನೋಡಿದ, "ನೂರ ನಲವತ್ತಾರು."

ಇಪ್ಪತ್ತಾರು ತಲೆಗಳು ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಬಾಗಿಲಲ್ಲಿ ಕಬೂರೆ ಏದುಸಿರು ಬಿಡುತ್ತಿದ್ದ.

"ಬಣ್ಣ ಬಳೀತಿದ್ದಾರೆ ಅಂದ್ಯಲ್ಲೋ?" ಅಂದಳು ಅತ್ತೆ.

"ಅದು... ಪಟ್ಟೀಲಿ ಹೆಸರು..."

"ಪಟ್ಟಿಗೆ ಬಣ್ಣ ಬಳೀತಿದ್ರಾ?"

ಕಬೂರೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ದ್ವೀಪದಲ್ಲಿ ಭೂಮಿಗೂ ಅಷ್ಟು ಆಳವಿಲ್ಲ, ಎರಡು ಮೊಳಕ್ಕೇ ನೀರು ಬರುತ್ತದೆ. ಆದರೆ ಅಕೆನೇಟಾ ಅತ್ತೆಗೆ ಒಂದು ಗುಣ ಇತ್ತು. ಮನೆಯವನ ಮರ್ಯಾದೆಯನ್ನು ಅವಳು ಕಳೆಯಬಹುದು, ಹೊರಗಿನವರ ಎದುರು ಕಳೆಯಲು ಬಿಡುವವಳಲ್ಲ. ಇತಾಯನ ಕಡೆ ತಿರುಗಿ ಸಕ್ಕರೆಯಂಥ ದನಿಯಲ್ಲಿ ಕೇಳಿದಳು.

"ನಿಮ್ಮಜ್ಜಿ ಯಾವೂರಪ್ಪ?"

ಇತಾಯ ಬೆವರಿದ. "ಅಜ್ಜಿ ವಿಷಯ ಯಾಕಮ್ಮ ಈಗ?"

"ಅಬೆಮಾಮದ ಉತ್ತರದ ಕೇರಿಯವರಲ್ವಾ? ಎಡಗೈಯಲ್ಲಿ ಚಾಪೆ ಹೆಣೀತಿದ್ರಲ್ಲ, ಅವರೇ ತಾನೆ? ಅಯ್ಯೋ ದೇವರೇ! ಅವರೂ ನಮ್ಮಮ್ಮನೂ ಒಂದೇ ಅಜ್ಜನ ಮೊಮ್ಮಕ್ಕಳು ಕಣೋ!" ಅತ್ತೆ ಎದ್ದು ನಿಂತಳು. "ಇತಾಯ, ಮಗನೇ, ನಾನೊಂದು ಕೇಳ್ತೀನಿ."

"ಬೇಡ ಅತ್ತೆ..." ಅಂದ ಇತಾಯ. ಅತ್ತೆ ಅಂದಾಗಲೇ ಅವನ ಕಥೆ ಮುಗಿದಿತ್ತು.

"ಬುಬುಸಿ. ಮನೆ ಕೊಡು."

ಇತಾಯ ಸೂರು ನೋಡಿದ, ಪಟ್ಟಿ ನೋಡಿದ, ಬುಟ್ಟಿಯ ಮೀನು ನೋಡಿದ. ಆಮೇಲೆ ಖಾನೆ ಎಳೆದು ಬೀಗದ ಕೈ ತೆಗೆದ. "ನಿಯಮ ಇದೆ. ಆರು ಜನಕ್ಕಿಂತ ಹೆಚ್ಚು ಇರಕೂಡದು."

"ಒಂದು ಸಲಕ್ಕೆ ಆರೇ ಜನ ಇರ್ತೀವಿ ಬಿಡು."

"ಇನ್ನೊಂದು ಮಾತು, ಕಬೂರೆ," ಅಂದ ಇತಾಯ, ಬೀಗದ ಕೈಯನ್ನು ಕೊಡದೆ ಹಿಡಿದುಕೊಂಡೇ. "ಆ ಮನೆಗೆ ಹಿತ್ತಿಲು ಇದೆ. ನನ್ನ ಹತ್ರ ಎರಡು ಹಂದಿ ಇವೆ, ಕಟ್ಟೋಕೆ ಜಾಗ ಇಲ್ಲ. ನಾವೂ ಈಗ ಸಂಬಂಧಿಕರೇ ಆದ್ವಲ್ಲ... ಬುಬುಸಿ."

ಹೀಗೆ ಕಬೂರೆಗೆ ನಿಜವಾಗಿಯೂ ಮನೆ ಸಿಕ್ಕಿತು. ಜನ ಹಾಡು ಹೇಳಿಕೊಂಡೇ ಲಾರಿ ಹತ್ತಿದರು. ಪಟ್ಟಿಯಲ್ಲಿ ಅವನಿಗಿಂತ ಮುಂದಿದ್ದ ನೂರ ನಲವತ್ತೈದು ಮಂದಿಯ ಮಾತನ್ನು ಯಾರೂ ಎತ್ತಲಿಲ್ಲ. ಅವರಲ್ಲೊಬ್ಬಳು ಕಂಕುಳಲ್ಲಿ ಕೂಸು ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಕಬೂರೆ ಅವಳತ್ತ ನೋಡದೆ ಹೊರಗೆ ಬಂದ.

ಆದರೆ ಮನೆ ಮನೆಯೇ. ಅವನು ಅಬೆಮಾಮದ ಪಂಚಾಯ್ತಿ ಕಚೇರಿಗೆ ಫೋನು ಮಾಡಿ, ಅಲ್ಲಿನವರು ರೊರೇಸಿಯನ್ನು ಕರೆತರುವ ತನಕ ಕಾದ.

"ಮನೆ ಸಿಕ್ತು ಕಣೇ! ಸಿಮೆಂಟಿನ ನೆಲ!"

"ಬಾಗಿಲು ಇದೆಯಾ?"

"ಇದೆ!"

"ಚಿಲಕ?"

"ಇವತ್ತೇ ತರ್ತೀನಿ."

ಆ ಕಡೆ ಮೂಗು ಎಳೆದುಕೊಂಡ ಸದ್ದು. "ಮುಂದಿನ ಹಡಗಿಗೆ ಬರ್ತೀವಿ. ಬಿಬಿಗೆ ಒಂದು ಹಲ್ಲು ಬಿದ್ದಿದೆ, ನಿನಗೆ ತೋರಿಸ್ಬೇಕು ಅಂತ ಎತ್ತಿಟ್ಕೊಂಡಿದ್ದಾಳೆ."

ಕಬೂರೆ ನೇರ ಚೀನಾದವನ ಅಂಗಡಿಗೆ ಹೋಗಿ ಅಲ್ಲಿದ್ದ ಚಿಲಕಗಳಲ್ಲೆಲ್ಲ ದಪ್ಪದ್ದನ್ನು ಆರಿಸಿದ. ಹಿತ್ತಾಳೆಯದು, ಫಳಫಳ ಹೊಳೆಯುತ್ತಿತ್ತು. ಹಾಕಿ ತೆಗೆದು, ಹಾಕಿ ತೆಗೆದು, ಅಂಗಡಿಯವನು ಗುರಾಯಿಸುವ ತನಕ ನೋಡಿದ. ಮೊಳೆ ಕೊಳ್ಳಲು ಕಾಸು ಸಾಲಲಿಲ್ಲ. ಇರಲಿ, ಗೋದಾಮಿನಲ್ಲಿ ಸಿಗುತ್ತದೆ.

ಚಾಪೆ ಬಗಲಲ್ಲಿ, ಚಿಲಕ ಜೇಬಿನಲ್ಲಿ ಇಟ್ಟುಕೊಂಡು ಹೊಸ ಮನೆ ತಲುಪುವ ಹೊತ್ತಿಗೆ ಮನೆ ತುಂಬಿತ್ತು. ಸುಮ್ಮನೆ ತುಂಬಿರಲಿಲ್ಲ, ಅಚ್ಚುಕಟ್ಟಾಗಿ, ಅವನ ನಕ್ಷೆಯ ಪ್ರಕಾರ ತುಂಬಿತ್ತು. ಆ ಭಾನುವಾರವೇ ಎತ್ತಿಟ್ಟುಕೊಂಡಿದ್ದ ನಕ್ಷೆಯನ್ನು ಅತ್ತೆ ಗೋಡೆಗೆ ಅಂಟಿಸಿದ್ದಳು. ಒಲೆಯ ಪಕ್ಕದವರು ಒಲೆಯ ಪಕ್ಕ, ಕಿಟಕಿಯವರು ಕಿಟಕಿಯ ಕೆಳಗೆ. ಒಂದು ಗೆರೆ ಆಚೀಚೆ ಆಗಿರಲಿಲ್ಲ.

"ಲೇಟಾಗಿ ಬಂದ್ಯಲ್ಲೋ," ಅಂದಳು ಅತ್ತೆ.

"ನಾವು... ನಮ್ಮ ಜಾಗ ಯಾವುದು ಅತ್ತೆ?"

ಅತ್ತೆ ಗೋಡೆಯ ಹತ್ತಿರ ಹೋಗಿ ಬೆರಳಿಟ್ಟು ಒಂದೊಂದೇ ಹೆಸರು ಓದಿದಳು. ಮೇಲಿನಿಂದ ಕೆಳಕ್ಕೆ ಓದಿದಳು, ಕೆಳಗಿನಿಂದ ಮೇಲಕ್ಕೆ ಓದಿದಳು. ಅವಳಿಗೂ ಬೇಜಾರಾಯಿತು.

"ಇದರಲ್ಲಿ ನಿನ್ನ ಹೆಸರೇ ಇಲ್ಲವಲ್ಲೋ ಕಬೂರೆ."

ನಿಜ. ಅವನು ತನ್ನ ಹೆಸರು ಬರೆದುಕೊಂಡಿರಲಿಲ್ಲ. ಹೆಂಡತಿಯದೂ ಇಲ್ಲ, ಮಗುವಿನದೂ ಇಲ್ಲ. ಇಲ್ಲದ ಮನೆಯಲ್ಲಿ ತಾನೇಕೆ ಇರುತ್ತೇನೆ ಅಂತ ಆ ದಿನ ಅಂದುಕೊಂಡಿದ್ದನೋ ಏನೋ. ಈಗ ಒಂದು ಮಾತು, ಬುಬುಸಿ ಅತ್ತೆ, ನಮಗೊಂದು ಮೂಲೆ ಬಿಟ್ಟುಕೊಡಿ ಅಂದಿದ್ದರೆ ಅತ್ತೆ ಕೊಡಲೇಬೇಕಿತ್ತು. ಕಬೂರೆ ಬಾಯಿ ತೆರೆದ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

"ಹೊರಗೆ ಮೆಟ್ಟಿಲ ಹತ್ರ ಮಲಕ್ಕೋ," ಅಂದಳು ಅತ್ತೆ, ಅವಳಾಗಿಯೇ. "ಗಾಳಿ ಚೆನ್ನಾಗಿ ಬರುತ್ತೆ."

ಕಬೂರೆ ಮೆಟ್ಟಿಲ ಹತ್ತಿರ ಹೋಗಿ ನಿಂತ. ಗಾಳಿ ಬರಲೇಬೇಕು, ಯಾಕೆಂದರೆ ಅಲ್ಲಿ ಬಾಗಿಲು ಇರಲಿಲ್ಲ. ಚೌಕಟ್ಟು ಇತ್ತು, ಕೀಲು ಕಿತ್ತ ತೂತುಗಳಿದ್ದವು. ಮೊಆನಿಬಾ ತನ್ನ ಪಾಲು ತೆಗೆದುಕೊಂಡಿದ್ದ. ದೂರವೇನೂ ಒಯ್ದಿರಲಿಲ್ಲ ಪುಣ್ಯಾತ್ಮ. ಅವನಿಗೂ ಒಂದು ಸರ್ಕಾರಿ ಮನೆಯ ಮೇಲೆ ಕಣ್ಣಿತ್ತು. ಇತಾಯನಿಗೆ ಖುಷಿಯಾಗಲಿ ಅಂತ ಹಿತ್ತಿಲ ಹಂದಿಗೂಡಿಗೆ ಆ ಬಾಗಿಲನ್ನೇ ಕೂರಿಸಿದ್ದ. ಹೊಸ ಬಣ್ಣ ಬಳಿದ ಹಸಿರು ಬಾಗಿಲು.

ಹಡಗು ಶನಿವಾರ ಬಂತು, ಸಂಜೆಯ ಉಬ್ಬರಕ್ಕೆ ಮರಳಿ ಹೊರಡುವ ಹಡಗು. ರೊರೇಸಿ ಬಂದರಿನಿಂದ ಮನೆಯ ತನಕ ನಗುತ್ತಲೇ ಬಂದಳು. ಬಿಬಿಯಾನ ಅಪ್ಪನ ಅಂಗೈಯಲ್ಲಿ ಹಲ್ಲು ಇಟ್ಟು, ಅವನ ಬೆರಳುಗಳನ್ನು ತಾನೇ ಮಡಚಿದಳು. ಹೇಳಬೇಕು, ಹೇಳಬೇಕು ಅಂತ ಕಬೂರೆ ದಾರಿಯುದ್ದಕ್ಕೂ ಅಂದುಕೊಂಡ. ಹೇಳಲಿಲ್ಲ. ಕಡೆಗೆ ಮನೆಯೇ ಹೇಳಿತು.

ರೊರೇಸಿ ಅಂಗಳದಲ್ಲಿ ನಿಂತಳು. ಒಳಗಿನಿಂದ ಇಪ್ಪತ್ತಾರು ಜನ ಅವಳನ್ನು ನೋಡಿದರು. ಎಲ್ಲರೂ ಪ್ರೀತಿಯಿಂದಲೇ ಬಾ, ಬಾ ಅಂದರು. ಕೂರಲು ಜಾಗ ಮಾತ್ರ ಯಾರೂ ಬಿಡಲಿಲ್ಲ, ಬಿಡಲು ಇದ್ದರೆ ತಾನೆ?

"ಬಾಗಿಲು ಎಲ್ಲಿ?" ಅಂದಳು ಅವಳು.

ಕಬೂರೆ ಹಿತ್ತಿಲ ಕಡೆ ನೋಡಿದ. ಅವಳೂ ನೋಡಿದಳು. ಹಸಿರು ಬಾಗಿಲ ಸಂದಿಯಿಂದ ಒಂದು ಮೂತಿ ಹೊರಗೆ ಬಂದು ಗುರುಗುಟ್ಟಿತು.

"ಅಮ್ಮಾ, ಹಂದಿಗೆ ಮನೆ ಇದೆ!" ಅಂದಳು ಬಿಬಿಯಾನ.

ರೊರೇಸಿ ಕೂಗಾಡುತ್ತಾಳೆ ಅಂತ ಎಲ್ಲರೂ ಕಾದರು. ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಗಂಟನ್ನು ಕೆಳಗಿಡದೆ, ಇಡೀ ಮನೆಗೆ ಕೇಳುವ ಹಾಗೆ, ಗಂಡನ ಮುಖ ನೋಡಿ ಹೇಳಿದಳು:

"ಎಲ್ಲರೂ ಕೇಳಿದ್ರು. ನಾನೂ ಒಂದು ಕೇಳ್ತೀನಿ. ಬುಬುಸಿ."

ಒಳಗಿದ್ದವರು ಮೂಗಿನ ಮೇಲೆ ಬೆರಳಿಟ್ಟರು. ಗಂಡನ ಹತ್ತಿರ ಹೆಂಡತಿ ಬುಬುಸಿ ಕೇಳಿದ್ದನ್ನು ಕಂಡವರಿಲ್ಲ.

"ಮನೆ ಬೇಡ. ನೀನು ಬೇಕು. ನಮ್ಮ ಜೊತೆ ಹಡಗು ಹತ್ತು. ಅಲ್ಲಿ ತೆಂಗಿದೆ, ಅಪ್ಪನ ದೋಣಿ ಇದೆ. ಇಲ್ಲಿ ಬೇರೆಯವರ ಕೊಬ್ಬರಿ ತೂಗೋ ಬದಲು ಅಲ್ಲಿ ನಿಂದು ನೀನು ಒಡಿ. ಸಂಬಳ ಇಲ್ಲ, ಉಪವಾಸನೂ ಇಲ್ಲ. ನಿನ್ನನ್ನ ನನಗೆ ಕೊಡು."

ಕಬೂರೆಯ ಮುಖ ಅರಳಿತು. ಇಷ್ಟು ದಿನ ಯಾರೂ ಅವನನ್ನು ಕೇಳಿರಲಿಲ್ಲ, ಅವನದನ್ನೆಲ್ಲ ಕೇಳಿದ್ದರು. ಕೊಟ್ಟೆ ಅನ್ನಲು ಬಾಯಿ ತೆರೆದ.

ಒಳಗೆ ತಾಬೊಕಾಯ್ ದೊಡ್ಡಪ್ಪ ಕೆಮ್ಮಿದ.

"ನನ್ನ ಬುಬುಸಿ ನೆನಪಿದೆಯಲ್ಲಪ್ಪ ಕಬೂರೆ." ಮುದುಕನ ದನಿಯಲ್ಲಿ ಗದರಿಕೆ ಇರಲಿಲ್ಲ, ನಾಚಿಕೆಯೇ ಇತ್ತು. "ನೀನು ಕೆಲಸ ಬಿಟ್ಟರೆ ಮನೆ ಸರ್ಕಾರಕ್ಕೆ ವಾಪಸು. ಈ ಮಕ್ಕಳನ್ನೆಲ್ಲ ಎಲ್ಲಿಗೆ ಕರ್ಕೊಂಡು ಹೋಗೋದು?"

ಕಿಟಕಿಯ ಕೆಳಗೆ ಒಂದು ಕೂಸು ಸಿಮೆಂಟಿನ ನೆಲದ ಮೇಲೆ ಕೈಕಾಲು ಚೆಲ್ಲಿ ಮಲಗಿತ್ತು. ಅಷ್ಟು ಜಾಗದಲ್ಲಿ ಅದು ಹುಟ್ಟಿದ ಮೇಲೆ ಮಲಗಿರಲಿಲ್ಲ. ಕಬೂರೆ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಅದನ್ನೂ ಕೊಟ್ಟಾಗಿದೆ, ರೊರೇಸಿ," ಅಂದ.

ಆಮೇಲೆ ಅವನು ಜೇಬಿಗೆ ಕೈಹಾಕಿ ಚಿಲಕ ತೆಗೆದ. ಹೇಳಿದ ಮಾತಿನಂತೆ ಇದನ್ನಾದರೂ ತಂದಿದ್ದೇನೆ ಅಂತ ತೋರಿಸುವುದಕ್ಕೆ. ಬಿಸಿಲಿಗೆ ಅದು ಫಳಕ್ಕೆಂದಿತು.

"ಚೆನ್ನಾಗಿದೆಯಲ್ಲೋ!" ಅಂದಳು ಅಕೆನೇಟಾ ಅತ್ತೆ ಒಳಗಿಂದಲೇ. "ಕಬೂರೆ, ನನ್ನ ಪೆಟ್ಟಿಗೆಗೆ ಒಂದು..."

ಅವಳು ಆ ಮಾತು ಮುಗಿಸುವಷ್ಟರಲ್ಲಿ ರೊರೇಸಿಯ ಮುಷ್ಟಿ ಚಿಲಕದ ಮೇಲೆ ಮುಚ್ಚಿಕೊಂಡಿತ್ತು.

"ಇದು ಕೊಟ್ಟಾಗಿದೆ ಅತ್ತೆ."

ಬಂದರಿಗೆ ಮೂವರೂ ನಡೆದೇ ಹೋದರು. ಬಿಬಿಯಾನ ನಡುವೆ, ಇಬ್ಬರ ಕೈ ಹಿಡಿದುಕೊಂಡು ಜೋತಾಡುತ್ತ. ಹಡಗಿನವರು ಕೂಗಿ ಕರೆದರು. ರೊರೇಸಿ ಗಂಟು ತಲೆಯ ಮೇಲಿಟ್ಟುಕೊಂಡು ಹಲಗೆಯ ಮೇಲೆ ಕಾಲಿಟ್ಟಾಗ ಕಬೂರೆ, "ರೊರೇಸಿ," ಅಂದ. ನಾಲಿಗೆ ಅಂಟಿಕೊಂಡಿತು. ಅದನ್ನು ಬಿಡಿಸಿಕೊಂಡ. ಜೀವಮಾನದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು.

"ನಾನೂ ಒಂದು ಕೇಳ್ಲಾ? ಬುಬುಸಿ."

ಅವಳು ತಿರುಗಿದಳು.

"ಆ ಚಿಲಕ ನಿಮ್ಮಪ್ಪನ ಮನೆ ಬಾಗಿಲಿಗೆ ಹಾಕು. ಒಳಗಿಂದ ಭದ್ರವಾಗಿ ಹಾಕ್ಕೊಂಡು ಮಲಕ್ಕೋ. ಯಾರು ಕೇಳಿದ್ರೂ ಕೊಡಬೇಡ. ಆದ್ರೆ ಯಾವತ್ತಾದ್ರೂ ನಾನು ಬಂದು ಕೂಗಿದ್ರೆ ತೆಗಿ."

"ಕೊಟ್ಟೆ," ಅಂದಳು ರೊರೇಸಿ, ಅಳುತ್ತ. ಇಲ್ಲ ಅನ್ನುವ ಹಾಗಿಲ್ಲವಲ್ಲ.

ಹಡಗು ಅಲ್ಲಾಡಿತು. ಬಿಬಿಯಾನ ಕಟಾಂಜನದಿಂದ ಬಗ್ಗಿ, ಹಲ್ಲು ಬಿದ್ದ ಬಾಯಿಂದ ಕೂಗಿ ಹೇಳಿದಳು:

"ಜೋರಾಗಿ ಕೂಗಬೇಕು ಅಪ್ಪಾ! ಅಮ್ಮನಿಗೆ ಬೇಗ ಎಚ್ಚರ ಆಗಲ್ಲ!"

"ಜೋರಾಗೇ ಕೂಗ್ತೀನಿ ಮಗಳೇ," ಅಂದ ಕಬೂರೆ. ಅವನ ಕೈಯಲ್ಲಿ ಇನ್ನೂ ಆ ಹಲ್ಲು ಇತ್ತು.